ಮದ್ದು ಸಿಗದವರ ಲೆಕ್ಕ

ವೆಂಟಿಲೇಟರಿನಲ್ಲಿರುವ ರೋಗಿಯ ಕಫ ತೆಗೆಯುವ ಕೆಲಸಕ್ಕೆ ಯಾರೂ ಶಹಬ್ಬಾಸ್ ಹೇಳುವುದಿಲ್ಲ. ಬಾಯಿಯಿಂದ ಶ್ವಾಸನಾಳಕ್ಕೆ ಇಳಿಸಿದ ಟ್ಯೂಬಿನೊಳಗೆ ತೆಳ್ಳಗಿನ ಕೆಥೆಟರ್ ಬಿಟ್ಟು, ಅದರ ತೂತನ್ನು ಹೆಬ್ಬೆರಳಲ್ಲಿ ಮುಚ್ಚಿ, ಹತ್ತು-ಹದಿನೈದು ಸೆಕೆಂಡಿನೊಳಗೆ ಎಳೆದುಕೊಂಡು ಹೊರಬರಬೇಕು. ತಡವಾದರೆ ಮಾನಿಟರಿನಲ್ಲಿ ಆಕ್ಸಿಜನ್ ಸಂಖ್ಯೆ ಇಳಿಯತೊಡಗುತ್ತದೆ. ವರ್ಷಗಟ್ಟಲೆ ಬೀಡಿ ಸೇದಿದವರ ಕಫವಂತೂ ಹಲಸಿನ ಮೇಣವೇ. ಕೆಥೆಟರಿಗೆ ಅಂಟಿ ನೂಲು ನೂಲಾಗಿ ಬರುತ್ತದೆ, ಅರ್ಧಕ್ಕೇ ನಿಲ್ಲುತ್ತದೆ. ಐಸಿಯು ನರ್ಸಾಗಿ ನನ್ನ ಬದುಕಿನ ದೊಡ್ಡ ಪಾಲು ಈ ಅಂಟಿನ ಜೊತೆಗೇ ಕಳೆದಿದೆ. ಹಾಗಾಗಿ ವಿಯೆನ್ನಾದ ವೈದ್ಯರು ಅದನ್ನು ಸಕ್ಕರೆ ಗುಳಿಗೆಯಿಂದ ಕರಗಿಸಿದ್ದಾರಂತೆ ಎಂದು ಕೇಳಿದಾಗ ನನಗೆ ನಗು ಬರಲಿಲ್ಲ. ನಿಜವಾಗಿದ್ದರೆ ಮೊದಲು ಖುಷಿಪಡುವವಳು ನಾನೇ.

ಆ ಪ್ರಬಂಧ ಬಂದದ್ದು 2005ರಲ್ಲಿ, ಎದೆರೋಗ ತಜ್ಞರ ಅಮೆರಿಕನ್ ಪತ್ರಿಕೆ 'ಚೆಸ್ಟ್'ನಲ್ಲಿ. ಮಿಖಾಯೆಲ್ ಫ್ರಾಸ್ ಮತ್ತು ಸಂಗಡಿಗರು ಆರಿಸಿಕೊಂಡದ್ದು ಹೊಗೆ ಸೇದಿ ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆ ಬಂದು, ವೆಂಟಿಲೇಟರಿಗೆ ಸೇರಿ, ನೂಲಿನಂಥ ಕಫ ಬರುತ್ತಿದ್ದ 50 ರೋಗಿಗಳನ್ನು. ಅರ್ಧದಷ್ಟು ಮಂದಿಗೆ ಹೋಮಿಯೋಪತಿಯವರು ತೀರಾ ತೆಳುಮಾಡಿದ ಪೊಟ್ಯಾಸಿಯಂ ಡೈಕ್ರೋಮೇಟಿನ ಸಿ30 ಗುಳಿಗೆ, ಹನ್ನೆರಡು ಗಂಟೆಗೊಮ್ಮೆ ಐದೈದು. ಉಳಿದರ್ಧಕ್ಕೆ ಬರೀ ಸಕ್ಕರೆ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಗುಳಿಗೆ ಸಿಕ್ಕವರ ಕಫ ಕಡಿಮೆಯಾಯಿತು, ಟ್ಯೂಬ್ ಬೇಗ ತೆಗೆದರು, ಐಸಿಯುವಿನಲ್ಲಿ ಅವರು ಇದ್ದದ್ದು ಸರಾಸರಿ 4.20 ದಿನ. ಬರೀ ಸಕ್ಕರೆ ತಿಂದವರು 7.68 ದಿನ.

ಪೊಟ್ಯಾಸಿಯಂ ಡೈಕ್ರೋಮೇಟ್ ಅಂದರೆ ಕಿತ್ತಳೆಗೆಂಪು ಹರಳು, ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ನೋಡಿದವರಿಗೆ ಬಣ್ಣ ನೆನಪಿದ್ದೀತು. ಭಾರೀ ವಿಷ. ಹತ್ತೊಂಬತ್ತನೇ ಶತಮಾನದ ಕ್ರೋಮೇಟ್ ಕಾರ್ಖಾನೆಗಳಲ್ಲಿ ಕೆಲಸಗಾರರ ಕೈಗಳಲ್ಲಿ ಆಳದ ಹುಣ್ಣಾಗುತ್ತಿತ್ತು, ಮೂಗಿನ ನಡುಗೋಡೆ ತೂತು ಬೀಳುತ್ತಿತ್ತು. 1840ರ ದಶಕದಲ್ಲಿ ಲಿವರ್‌ಪೂಲಿನ ಡಾ. ಡ್ರೈಸ್‌ಡೇಲ್ ಅದನ್ನು ಹೋಮಿಯೋಪತಿಗೆ ತಂದರು. ಆರೋಗ್ಯವಂತರಲ್ಲಿ ಅದು ಎಬ್ಬಿಸುವ ತೊಂದರೆಯನ್ನೇ ರೋಗಿಯಲ್ಲಿ ಅದು ಗುಣಪಡಿಸುತ್ತದೆ ಎಂಬುದು ಆ ಪದ್ಧತಿಯ ಮೂಲ ನಂಬಿಕೆ. 'ಕಾಲಿ ಬೈಕ್ರೋಮಿಕಂ' ಎಂದರೆ ಇಂದಿಗೂ ಹೋಮಿಯೋಪತಿ ವಿದ್ಯಾರ್ಥಿಗಳು ಥಟ್ಟನೆ ಹೇಳುವುದು ಎಳೆದರೆ ನೂಲಾಗುವ ಅಂಟು ಸ್ರಾವ ಎಂದೇ.

ಮಂಗಳೂರಿನಲ್ಲಿ ಬೆಳೆದ ನನಗೆ ಈ ಗುಳಿಗೆಗಳು ಹೊಸತಲ್ಲ. ಜರ್ಮನಿಯ ಜೆಸ್ಯೂಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಶುರುಮಾಡಿದ ಹೋಮಿಯೋಪತಿ ಔಷಧಾಲಯದಿಂದಲೇ ಈಗಿನ ಫಾದರ್ ಮುಲ್ಲರ್ ಆಸ್ಪತ್ರೆ ಬೆಳೆದದ್ದು. ಕುಷ್ಠರೋಗಿಗಳನ್ನು ಊರು ಹೊರಗಟ್ಟಿದ್ದಾಗ ಅವರು ಒಳಗೆ ಕರೆದುಕೊಂಡರು. ಅಲ್ಲಿ ಗುಣ ಕೊಟ್ಟದ್ದು ಗುಳಿಗೆಯೋ ಗಂಜಿಯೋ ಮುಟ್ಟಿದ ಕೈಯೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಆ ಕಷ್ಟವೇ ವಿಯೆನ್ನಾದಲ್ಲಿ ಇನ್ನೂರು ವರ್ಷದಿಂದ ಕಾಡುತ್ತಿದೆ.

ಹೋಮಿಯೋಪತಿಯ ಜನಕ ಹಾನೆಮನ್ 1777ರಲ್ಲಿ ವೈದ್ಯಕೀಯ ಕಲಿಯಲು ಬಂದದ್ದು ಇದೇ ನಗರಕ್ಕೆ. ಆದರೆ 1819ರಲ್ಲಿ ಚಕ್ರವರ್ತಿ ಒಂದನೇ ಫ್ರಾಂಜ್ ತನ್ನ ರಾಜ್ಯದಲ್ಲಿ ಹೋಮಿಯೋಪತಿಯನ್ನು ನಿಷೇಧಿಸಿದ. ನಿಷೇಧ ಇದ್ದದ್ದು ಕಾಗದದ ಮೇಲೆ. ಸೈನ್ಯಾಧಿಕಾರಿಗಳು, ಶ್ರೀಮಂತರು ಗುಟ್ಟಾಗಿ ನುಂಗುತ್ತಲೇ ಇದ್ದರು. 1836ರಲ್ಲಿ ಕಾಲರಾ ಮತ್ತೆ ಬಂತು. ಗುಂಪೆಂಡಾರ್ಫ್ ಎಂಬ ಬಡಾವಣೆಯಲ್ಲಿ ಕರುಣೆಯ ಸೋದರಿಯರು ನಡೆಸುತ್ತಿದ್ದ ಆಸ್ಪತ್ರೆಯಲ್ಲಿ ಡಾ. ಫ್ಲೈಷ್‌ಮನ್ ಎಂಬವರು ಹೋಮಿಯೋಪತಿ ನಡೆಸುತ್ತಿದ್ದರು. ಲೆಕ್ಕ ತೆಗೆದಾಗ ಅವರಲ್ಲಿ ಸತ್ತವರು ಮೂರರಲ್ಲಿ ಒಂದು ಪಾಲು. ಬೇರೆ ಆಸ್ಪತ್ರೆಗಳಲ್ಲಿ ಮೂರರಲ್ಲಿ ಎರಡು ಪಾಲು. ಮರುವರ್ಷವೇ ನಿಷೇಧ ಹೋಯಿತು.

ಈ ಕಥೆಯನ್ನು ಹೋಮಿಯೋಪತಿ ಪುಸ್ತಕಗಳು ಇಲ್ಲಿಗೇ ನಿಲ್ಲಿಸುತ್ತವೆ. ನನ್ನ ಕಣ್ಣು ಹೋಗುವುದು ಮಾತ್ರ ಬೇರೆ ಆಸ್ಪತ್ರೆಗಳ ಕಡೆಗೆ. ಕಾಲರಾ ಕೊಲ್ಲುವುದು ಮೈಯ ನೀರು ಹರಿದುಹೋಗಿ. ಅಂಥ ರೋಗಿಯ ನರ ಕೊಯ್ದು ರಕ್ತ ಹರಿಸುವುದು, ಪಾದರಸದ ಕ್ಯಾಲಮೆಲ್ ಕೊಟ್ಟು ಇನ್ನಷ್ಟು ಭೇದಿ ಮಾಡಿಸುವುದು, ನೀರು ಕೇಳಿದರೆ ಕೊಡದಿರುವುದು, ಇವೇ ಆಗಿನ ಕಾಲದ ಒಳ್ಳೆಯ ಚಿಕಿತ್ಸೆಗಳು. ಗುಂಪೆಂಡಾರ್ಫಿನ ಸೋದರಿಯರು ರೋಗಿಯ ಮೈಯ ರಕ್ತ ಮೈಯಲ್ಲೇ ಬಿಟ್ಟರು. ಗೆದ್ದದ್ದು ಅದು.

ಗುಳಿಗೆಯೊಳಗೆ ಏನಾದರೂ ಇದೆಯೇ ಎಂಬ ಪ್ರಶ್ನೆಗೆ ಆ ಕಾಲರಾದ ಹಿಂದಿನ ವರ್ಷವೇ ನ್ಯೂರೆಂಬರ್ಗಿನಲ್ಲಿ ಉತ್ತರ ಹುಡುಕಿದ್ದರು. ಎಂಥ ಸೊಗಸಾದ ಪರೀಕ್ಷೆ ಅದು! ಊರಿನ ವೈದ್ಯಾಧಿಕಾರಿ ಫಾನ್ ಹೋವೆನ್ (ಕವಿ ಷಿಲ್ಲರನ ಬಾಲ್ಯದ ಗೆಳೆಯ) ಹೋಮಿಯೋಪತಿಯನ್ನು ಟೀಕಿಸಿ ಬರೆದಿದ್ದ. ರಾಯ್ಟರ್ ಎಂಬ ಹೋಮಿಯೋಪತ್ ಸವಾಲು ಹಾಕಿದ: ಸಿ30 ಉಪ್ಪು ನುಂಗಿ ನೋಡಿ, ಏನಾದರೂ ಆಗಿಯೇ ಆಗುತ್ತದೆ. 1835ರಲ್ಲಿ 'ಕೆಂಪು ಹುಂಜ' ಎಂಬ ಹೋಟೆಲಿನಲ್ಲಿ ಸಾರ್ವಜನಿಕರ ಮುಂದೆ ನೂರು ಶೀಶೆ ಇಟ್ಟರು. ಅರ್ಧಕ್ಕೆ ಹಿಮ ಕರಗಿಸಿದ ನೀರು, ಅರ್ಧಕ್ಕೆ ಅದೇ ನೀರಿನಲ್ಲಿ ತಯಾರಿಸಿದ ಉಪ್ಪಿನ ಸಿ30. ಕಲಸಿ, ನಂಬರ್ ಹಾಕಿ, ಯಾವ ನಂಬರಿನಲ್ಲಿ ಯಾವುದು ಎಂಬ ಪಟ್ಟಿಗೆ ಮೊಹರು ಒತ್ತಿದರು. ಕುಡಿದು ವರದಿ ಕೊಟ್ಟವರು 50 ಮಂದಿ. 42 ಮಂದಿಗೆ ಏನೂ ಆಗಲಿಲ್ಲ. ಏನೋ ಆಯಿತು ಎಂದ ಎಂಟರಲ್ಲಿ ಐವರು ಉಪ್ಪಿನವರು, ಮೂವರು ಹಿಮನೀರಿನವರು. ಯಾರು ಏನು ಕುಡಿದರೆಂದು ಯಾರಿಗೂ ಗೊತ್ತಿರದಂತೆ ಗುಟ್ಟು ಕಾಯುವ ಈಗಿನ ಪರೀಕ್ಷೆಯ ಎಲ್ಲ ಅಂಗವೂ ಆ ಹೋಟೆಲಿನಲ್ಲಿ ಆಗಲೇ ಇತ್ತು. ದೊಡ್ಡ ಡಾಕ್ಟರುಗಳು ಅದನ್ನು ಬಳಸಲು ನೂರು ವರ್ಷಕ್ಕಿಂತ ಹೆಚ್ಚು ತೆಗೆದುಕೊಂಡರು ಎಂಬುದು ಬೇರೆ ಮಾತು.

ಮತ್ತೆ ವಿಯೆನ್ನಾಕ್ಕೆ. ಫ್ಲೈಷ್‌ಮನ್‌ರ ವಾರ್ಡಿನಲ್ಲಿ ನ್ಯುಮೋನಿಯಾ ರೋಗಿಗಳೂ ಕಡಿಮೆ ಸಾಯುತ್ತಿದ್ದರು. ಇದನ್ನು ಮೂದಲಿಸಿ ಕೈಬಿಡಬಹುದಿತ್ತು. ವೀಡೆನ್ ಆಸ್ಪತ್ರೆಯ ಯೋಸೆಫ್ ಡೀಟ್ಲ್ ಹಾಗೆ ಮಾಡಲಿಲ್ಲ. ತನ್ನ 380 ನ್ಯುಮೋನಿಯಾ ರೋಗಿಗಳಲ್ಲಿ ಕೆಲವರಿಗೆ ರಕ್ತ ಹರಿಸಿದ, ಕೆಲವರಿಗೆ ವಾಂತಿ ಮಾಡಿಸುವ ಆಂಟಿಮನಿ ಲವಣ ಕೊಟ್ಟ, ಉಳಿದವರಿಗೆ ಊಟ-ಉಪಚಾರ ಬಿಟ್ಟು ಏನೂ ಇಲ್ಲ. ಮೊದಲ ಎರಡು ಗುಂಪುಗಳಲ್ಲಿ ನೂರಕ್ಕೆ ಸುಮಾರು 20 ಮಂದಿ ಸತ್ತರು. ಏನೂ ಕೊಡದ ಗುಂಪಿನಲ್ಲಿ 7.4. ಪುಸ್ತಕ 1849ರಲ್ಲಿ ಹೊರಬಂತು. ಒಂದೇ ಏಟಿಗೆ ಎರಡು ಪೊಗರು ಇಳಿಯಿತು: ಸಾವಿರಾರು ವರ್ಷದ ರಕ್ತಮೋಕ್ಷಣದ್ದೂ, ಗುಂಪೆಂಡಾರ್ಫಿನ ಗುಳಿಗೆಯದ್ದೂ. ಡೀಟ್ಲ್ ಆಮೇಲೆ ಕ್ರಾಕೋವ್‌ಗೆ ಹೋಗಿ ಪ್ರೊಫೆಸರಾಗಿ, ಕೊನೆಗೆ ಆ ಊರಿನ ಮೇಯರೇ ಆದ. ಏನೂ ಕೊಡದೆ ಗೆದ್ದ ಈ ಮನುಷ್ಯ ಪೋಲೆಂಡಿನ ಬುಗ್ಗೆನೀರಿನ ಸ್ನಾನಗಳನ್ನು ಜೋರಾಗಿ ಪ್ರಚಾರ ಮಾಡಿದ್ದು ಯಾಕೋ ನನಗೆ ಹಿಡಿಸುತ್ತದೆ.

ಇನ್ನೊಂದು ಲೆಕ್ಕವನ್ನೂ ವಿಯೆನ್ನಾದವನೇ ಹಾಕಿದ. 1865ರಲ್ಲಿ ಯೋಸೆಫ್ ಲೋಷ್ಮಿಟ್ ಎಂಬ ಶಾಲಾ ಮೇಷ್ಟ್ರು ಗಾಳಿಯ ಅಣು ಎಷ್ಟು ದೊಡ್ಡದು ಎಂದು ಅಂದಾಜು ಮಾಡಿದ. ಅಲ್ಲಿಂದ ಒಂದು ಹಿಡಿ ವಸ್ತುವಿನಲ್ಲಿ ಎಷ್ಟು ಅಣು ಇವೆ ಎಂದು ಎಣಿಸುವ ದಾರಿ ತೆರೆಯಿತು. ಸಿ30 ಎಂದರೆ ನೂರಕ್ಕೆ ಒಂದರಂತೆ ಮೂವತ್ತು ಸಲ ತೆಳುಮಾಡಿದ್ದು. ಹನ್ನೆರಡನೇ ಸಲದ ಹೊತ್ತಿಗೇ ಮೂಲವಸ್ತುವಿನ ಒಂದು ಅಣುವಾದರೂ ಉಳಿದಿದ್ದರೆ ಅದೃಷ್ಟ. ಹಾನೆಮನ್ ಆಗಲೇ ತೀರಿಹೋಗಿ ಇಪ್ಪತ್ತೆರಡು ವರ್ಷವಾಗಿತ್ತು, ಅವನಿಗೆ ಈ ಲೆಕ್ಕ ತಪ್ಪಿತು. 2005ರವರಿಗೆ ಆ ನೆಪವಿಲ್ಲ.

ಹಾಗಾದರೆ 4.20 ಮತ್ತು 7.68ರ ನಡುವಿನ ಮೂರೂವರೆ ದಿನ ಎಲ್ಲಿಂದ ಬಂತು? ಲಂಡನ್ನಿನ ಔಷಧವಿಜ್ಞಾನಿ ಡೇವಿಡ್ ಕೊಲ್‌ಕ್ವುಹೌನ್ ಪ್ರಬಂಧದ ಕೋಷ್ಟಕ ತೆಗೆದು ಬರೀ ಸಕ್ಕರೆ ತಿಂದವರು ಯಾರೆಂದು ನೋಡಿದರು. ಆಸ್ಪತ್ರೆಗೆ ಬರುವ ಮೊದಲೇ ಮನೆಯಲ್ಲಿ ಆಕ್ಸಿಜನ್ ಹಚ್ಚಿಕೊಂಡಿದ್ದವರು ಆ ಗುಂಪಿನಲ್ಲಿ ಹೆಚ್ಚಾಗಿ ಸೇರಿಹೋಗಿದ್ದರು. ಅದನ್ನು ಓದಿದಾಗ ಯಾವ ಐಸಿಯು ನರ್ಸಿಗಾದರೂ ಉಳಿದದ್ದು ಕಣ್ಣಮುಂದೆ ಬರುತ್ತದೆ. ಮನೆಯಲ್ಲಿ ಸಿಲಿಂಡರ್ ಇಟ್ಟುಕೊಂಡಿದ್ದ ಸಿಒಪಿಡಿ ರೋಗಿ ಎಂದರೆ ಶ್ವಾಸಕೋಶ ಹೆಚ್ಚುಕಡಿಮೆ ಮುಗಿದವರು. ಅವರ ಟ್ಯೂಬ್ ತೆಗೆಯುವಾಗ ಎಲ್ಲರ ಎದೆ ಡವಡವ. ತೆಗೆದು, ಸಂಜೆಗೆ ಮತ್ತೆ ಹಾಕಿದ್ದೂ ಉಂಟು. ಇಂಥವರು ಒಂದೇ ಕಡೆ ತುಂಬಿದರೆ ಆ ಕಡೆಯ ಸರಾಸರಿ ತಾನಾಗಿ ಏರುತ್ತದೆ. ಚೀಟಿ ಎತ್ತಿ ಹಂಚಿದರೂ 50 ಮಂದಿಯಲ್ಲಿ ಹೀಗೆ ಆಗಬಹುದು. ಅದು ಯಾರ ಮೋಸವೂ ಅಲ್ಲ, ಸಂಖ್ಯೆ ಸಣ್ಣದು, ಅಷ್ಟೇ.

ಕಫದ ಪ್ರಮಾಣದ ಬಗ್ಗೆಯೂ ನನಗೊಂದು ತಕರಾರಿದೆ. ಹ್ಯುಮಿಡಿಫೈಯರಿನಲ್ಲಿ ನೀರು ಇದೆಯೋ ಇಲ್ಲವೋ, ಸಲೈನ್ ಎಷ್ಟು ಬಿಟ್ಟರು, ಎಷ್ಟು ಸಲ ಮಗ್ಗುಲು ಬದಲಿಸಿದರು, ರಾತ್ರಿ ಡ್ಯೂಟಿಯಲ್ಲಿ ಯಾರು ಇದ್ದರು, ಎಲ್ಲವೂ ಸಕ್ಷನ್ ಬಾಟಲಿಯಲ್ಲಿ ಕಾಣುತ್ತದೆ. ಇದನ್ನು ಪ್ರಬಂಧಗಳು ಬರೆಯುವುದು ಕಡಿಮೆ. ನಮ್ಮ ಕೆಲಸ ಎಂದೂ ಕೋಷ್ಟಕಕ್ಕೆ ಹತ್ತುವುದಿಲ್ಲ.

"ಸಿಸ್ಟರ್, ನಾಲಿಗೆ ಮೇಲೆ ನಾಲ್ಕು ಗುಳಿಗೆ ಇಡ್ತೇನೆ, ಆಗ್ಲಿಕ್ಕಿಲ್ವಾ?" ಎಂದು ಕೇಳಿದ ಹೆಂಡತಿಯರು, ಅಮ್ಮಂದಿರು ಎಷ್ಟೋ ಮಂದಿ. ಡಾಕ್ಟರನ್ನು ಕೇಳಿ ಹೇಳ್ತೇನಮ್ಮಾ ಎನ್ನುತ್ತಿದ್ದೆ. ಟ್ಯೂಬ್ ಹಾಕಿದ ಬಾಯಲ್ಲಿ ಸಡಿಲವಾದ ಏನನ್ನೂ ಇಡಬಾರದು ಎಂಬುದು ಕಾರಣ, ಹಾನೆಮನ್ ಅಲ್ಲ.

ಫ್ರಾಸ್ ಅವರನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. 1980ರ ದಶಕದಲ್ಲಿ ಕಾಂಬಿಟ್ಯೂಬ್ ಕಂಡುಹಿಡಿದವರಲ್ಲಿ ಅವರೂ ಒಬ್ಬರು. ಉಸಿರು ನಿಂತವರ ಗಂಟಲಿಗೆ ಕುರುಡಾಗಿ ಇಳಿಸಬಹುದಾದ ಎರಡು ಕೊಳವೆಯ ಸಾಧನ ಅದು. ಅನ್ನನಾಳಕ್ಕೆ ಹೋದರೂ ಸರಿ, ಶ್ವಾಸನಾಳಕ್ಕೆ ಹೋದರೂ ಸರಿ, ಒಂದಲ್ಲ ಒಂದು ಕೊಳವೆಯಿಂದ ಗಾಳಿ ಕೊಡಬಹುದು. ಅದು ಕೆಲಸ ಮಾಡಿತೇ ಎಂದು ಎದೆ ಏರುವುದನ್ನು ನೋಡಿ ಅರ್ಧ ನಿಮಿಷದಲ್ಲಿ ಹೇಳಬಹುದು, ಹೋಲಿಸಲು ಇನ್ನೊಂದು ಗುಂಪು ಬೇಕಿಲ್ಲ. ಗುಳಿಗೆಗೆ ಅದು ಬೇಕು.

2020ರಲ್ಲಿ ಅವರದೇ ತಂಡ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳು ಹೋಮಿಯೋಪತಿಯಿಂದ ಹೆಚ್ಚು ಕಾಲ ಬದುಕಿದರು ಎಂದು 'ದಿ ಆಂಕಾಲಜಿಸ್ಟ್' ಪತ್ರಿಕೆಯಲ್ಲಿ ಬರೆಯಿತು. ವಿಕ್ಟರ್ ವೈಸ್‌ಹಾಯ್ಪ್ಲ್, ನಾರ್ಬರ್ಟ್ ಔಸ್ಟ್ ಎಂಬಿಬ್ಬರು ದಾಖಲೆಗಳನ್ನು ಕೂತು ಹೋಲಿಸಿದರು. ಯಾವ ರೋಗಿಯನ್ನು ಲೆಕ್ಕದಿಂದ ಹೊರಗಿಡಬೇಕು ಎಂಬ ಷರತ್ತುಗಳೇ ನಡುವೆ ಬದಲಾಗಿವೆ ಎಂದು ತೋರಿಸಿದರು. ವಿಯೆನ್ನಾ ವೈದ್ಯಕೀಯ ವಿಶ್ವವಿದ್ಯಾಲಯದ ಕೋರಿಕೆಯಂತೆ ತನಿಖೆ ಮಾಡಿದ ಆಸ್ಟ್ರಿಯಾದ ವೈಜ್ಞಾನಿಕ ಪ್ರಾಮಾಣಿಕತೆಯ ಸಂಸ್ಥೆ 2022ರಲ್ಲಿ ದತ್ತಾಂಶ ತಿದ್ದಿರುವ ಲಕ್ಷಣಗಳಿವೆ ಎಂದಿತು. ಫ್ರಾಸ್ ಆ ಆರೋಪ ಒಪ್ಪಿಲ್ಲ. ಅಷ್ಟರಲ್ಲಾಗಲೇ ವಿಶ್ವವಿದ್ಯಾಲಯ ತನ್ನ ಹೋಮಿಯೋಪತಿ ಐಚ್ಛಿಕ ಪಾಠವನ್ನು ನಿಲ್ಲಿಸಿಬಿಟ್ಟಿತ್ತು.