ಗುರುವಿಗೊಂದು ಗುರುಕುಲ

ಸಮಾಜಕ್ಕೆ ಬೋಧಿಸಬೇಕಾದ ಮಠಾಧಿಪತಿಗೆ ಬೋಧಿಸುವವರಾರು? ಹಾನಗಲ್ಲ ಕುಮಾರ ಶಿವಯೋಗಿಗಳು (1867-1930) ಈ ಪ್ರಶ್ನೆಗೆ ಉತ್ತರವನ್ನು ಮಾತಿನಲ್ಲಿ ಕೊಡಲಿಲ್ಲ. 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯನ್ನು ಕಟ್ಟಿದ ಅವರು, 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಶಿರೂರು ಸೀಮೆಯ ಭಕ್ತರಿಗೆ ಅದು ದೂರದ ಕ್ಷೇತ್ರವಲ್ಲ. ಅಲ್ಲಿ ವಟುಗಳಿಗೆ ಸಂಸ್ಕೃತ, ಕನ್ನಡ, ಯೋಗ, ಸಂಗೀತಗಳೊಡನೆ ಗೋಸೇವೆ, ವಿಭೂತಿ ನಿರ್ಮಾಣಗಳೂ ಅಭ್ಯಾಸವಾದವು. ಪೀಠವೇರುವ ಮುನ್ನ ಕಾಯಕ ಕಲಿಯಬೇಕೆಂಬುದೇ ಇಲ್ಲಿಯ ಹೆಚ್ಚಳ; ಶರಣರ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕೆ?

ಅಂಧ ಬಾಲಕ ಗದಿಗೆಯ್ಯನನ್ನು ಸಂಗೀತಕ್ಕೆ ಹಚ್ಚಿದವರೂ ಅವರೇ. ಆತ ಪಂಚಾಕ್ಷರ ಗವಾಯಿಗಳಾಗಿ (1892-1944) ಅಂಧರಿಗೂ ಅನಾಥರಿಗೂ ಅನ್ನವಿಕ್ಕಿ ವಿದ್ಯೆ ಕಲಿಸಿದರು. ಶಿಷ್ಯ ಪುಟ್ಟರಾಜ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ 2010ರವರೆಗೂ ಅದೇ ಪಾಠವನ್ನು ನಡೆಸಿಕೊಂಡು ಬಂದರು.