ಮರ ಕಾಯೋಕೆ ನಾಲ್ಕು ವರ್ಷ ಓದಬೇಕಾ?

ಮೊನ್ನೆ ಸಾಗರದಿಂದ ಅಕ್ಕ ಫೋನ್ ಮಾಡಿದ್ದಳು. ಮಗನಿಗೆ ಸಿಇಟಿಯಲ್ಲಿ ಶಿರಸಿಯ ಅರಣ್ಯ ಕಾಲೇಜಿನಲ್ಲಿ ಬಿಎಸ್ಸಿ ಫಾರೆಸ್ಟ್ರಿ ಸೀಟು ಸಿಕ್ಕಿದೆಯಂತೆ. ಹುಡುಗ ಕುಣೀತಿದಾನೆ, ಮನೆಯಲ್ಲಿ ಮಾತ್ರ ರಾಮಾಯಣ. ಅಪ್ಪ ಅವಳ ಕೈಯಿಂದ ಫೋನ್ ಕಿತ್ತುಕೊಂಡು ಒಂದೇ ಪ್ರಶ್ನೆ ಕೇಳಿದರು: "ಅಲ್ವೋ, ಮರ ಕಾಯೋಕೆ ನಾಲ್ಕು ವರ್ಷ ಓದಬೇಕಾ?"

ನಗು ಬಂತು. ಆದರೆ ಅಪ್ಪ ತಮಾಷೆಗೆ ಕೇಳಿದ್ದಲ್ಲ. ಜೀವಮಾನವಿಡೀ ಸೊಪ್ಪಿನ ಬೆಟ್ಟ ಸುತ್ತಿದ ಮನುಷ್ಯ. ತೊಗಟೆ ಕೆರೆದು ಮೂಸಿ ಮರದ ಹೆಸರು ಹೇಳುತ್ತಾರೆ. ಓದಿದ್ದು ನಾಲ್ಕನೇ ಕ್ಲಾಸು. ನಮ್ಮ ಕಡೆ 'ಫಾರೆಸ್ಟಿನವರು' ಅಂದರೆ ಮನೆ ಕಟ್ಟೋಕೆ ಮರ ಬೇಕಾದಾಗ ಹೋಗಿ ಕೈಕಟ್ಟಿ ನಿಲ್ಲಬೇಕಾದವರು. ಕಾಡು ಗೊತ್ತಿರೋರು ಒಂದು ಕಡೆ, ಕಾಡಿನ ನೌಕರಿ ಇರೋರು ಇನ್ನೊಂದು ಕಡೆ... ಇದು ಹೀಗಾಗಿದ್ದು ಯಾವಾಗ ಅಂತ ಆ ವಾರವೆಲ್ಲ ಓದುತ್ತಾ ಕೂತೆ.

ಮೊದಮೊದಲು ಕಾಡಿನ ಸಾಹೇಬರೂ ಅರಣ್ಯಶಾಸ್ತ್ರ ಓದಿದವರಲ್ಲ ಕಣ್ರೀ! ಹ್ಯೂ ಕ್ಲೆಗಾರ್ನ್ ವೃತ್ತಿಯಿಂದ ಡಾಕ್ಟರು. 1840ರ ದಶಕದಲ್ಲಿ ನಮ್ಮ ಶಿವಮೊಗ್ಗದಲ್ಲೇ ಇದ್ದು, ಚಿತ್ರಕಾರನೊಬ್ಬನಿಂದ ದಿನಕ್ಕೊಂದು ಗಿಡದ ಚಿತ್ರ ಬರೆಸುತ್ತಿದ್ದ. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಕಾಡುಗಳ ಕನ್ಸರ್ವೇಟರ್ ಆದ. ಅದೇ ವರ್ಷ ಬ್ರಾಂಡಿಸ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞ ಬರ್ಮಾದ ಪೆಗು ಪ್ರಾಂತ್ಯಕ್ಕೆ ಬಂದ. ತೇಗದ ಮರಗಳ ಲೆಕ್ಕಕ್ಕೆ ಅವನು ಹೂಡಿದ ಉಪಾಯ ನನಗೆ ಬಹಳ ಹಿಡಿಸಿತು. ಆನೆ ಮೇಲೆ ಕೂತು, ಎಡಗೈಯಲ್ಲಿ ಬಿದಿರಿನ ಕಡ್ಡಿಗಳು, ಮರದ ಒಂದೊಂದು ಗಾತ್ರಕ್ಕೆ ಒಂದೊಂದು ಕಡ್ಡಿ. ಮರ ಎದುರಾದಾಗಲೆಲ್ಲ ಚಾಕುವಿನಿಂದ ಒಂದು ಗೀರು. ಆಮೇಲೆ ಗೀರು ಎಣಿಸಿದರಾಯ್ತು! (ಅಮ್ಮ ಹಾಲಿನ ಲೆಕ್ಕಕ್ಕೆ ಗೋಡೆ ಮೇಲೆ ಇದ್ದಿಲಲ್ಲಿ ಗೀರು ಎಳೆಯುತ್ತಿದ್ದದ್ದು ನೆನಪಾಯ್ತು.)

ಅಲ್ಲಿ ಬೆಟ್ಟದ ಕರೆನ್ ಜನ ಕಾಡು ಕಡಿದು, ಸುಟ್ಟು, ಭತ್ತ ಬಿತ್ತುತ್ತಿದ್ದರು. ಬ್ರಾಂಡಿಸ್ ಅವರಿಗೆ ದುಡ್ಡು ಕೊಟ್ಟು ಭತ್ತದ ನಡುವೆ ತೇಗವನ್ನೂ ನೆಡಿಸಿದ. ಅವರೇನೂ ಸುಲಭಕ್ಕೆ ಒಪ್ಪಲಿಲ್ಲ, ಅದು ಬೇರೆ ಕಥೆ. ಅವರು ಮುಂದಿನ ಜಾಗಕ್ಕೆ ಹೋದಾಗ ಹಿಂದೆ ತೇಗದ ತೋಪು ಉಳಿಯುತ್ತಿತ್ತು. ಇದಕ್ಕೇ 'ಟೌಂಗ್ಯಾ' ಅಂತ ಹೆಸರು. ಬರ್ಮೀ ಭಾಷೆಯಲ್ಲಿ ಬೆಟ್ಟದ ಬೇಸಾಯ ಅಂತಷ್ಟೇ ಅದರ ಅರ್ಥ. ಅರಣ್ಯಶಾಸ್ತ್ರದ ಪಠ್ಯಗಳಲ್ಲಿ ಈಗಲೂ ಇದೊಂದು ಪಾಠ. ವಿಚಿತ್ರ ನೋಡಿ, ನಮ್ಮ ಮಲೆನಾಡಿನ ಕುಮರಿ ಬೇಸಾಯವೂ ಹೆಚ್ಚುಕಡಿಮೆ ಇದೇ ಥರದ್ದು. ಕ್ಲೆಗಾರ್ನ್ ಮಾತ್ರ ಅದರ ಕಡು ವಿರೋಧಿ. ಅಲ್ಲಿ ಪಾಠವಾದದ್ದು ಇಲ್ಲಿ ಅಪರಾಧವಾಯ್ತು.

ರೈಲು ಹಳಿಗೆ ಸ್ಲೀಪರ್ ಬೇಕಿತ್ತು, ಕಾಡು ಕರಗುತ್ತಿತ್ತು. 1864ರಲ್ಲಿ ಬ್ರಾಂಡಿಸ್ ಇಡೀ ದೇಶದ ಅರಣ್ಯಗಳ ಮೊದಲ ಇನ್ಸ್‌ಪೆಕ್ಟರ್ ಜನರಲ್ ಆದ. ಸಾಹೇಬರಾಗುವ ಹುಡುಗರನ್ನು ಫ್ರಾನ್ಸಿನ ನಾನ್ಸಿಗೂ ಜರ್ಮನಿಗೂ ಕಳಿಸಿದರು. 1885ರಿಂದ ಇಂಗ್ಲೆಂಡಿನ ಕೂಪರ್ಸ್ ಹಿಲ್, 1905ರಿಂದ ಆಕ್ಸ್‌ಫರ್ಡ್. ಓಕ್ ಕಾಡಿನಲ್ಲಿ ಕಲಿತು ಬಂದು ನಮ್ಮ ಹೊನ್ನೆ, ಮತ್ತಿ, ಬಿದಿರಿಗೆ ಯಜಮಾನಿಕೆ! ಇಲ್ಲಿಯವರಿಗೆ ಅಂತ 1878ರಲ್ಲಿ ಡೆಹ್ರಾಡೂನಿನಲ್ಲಿ ಅರಣ್ಯ ಶಾಲೆ ಶುರುವಾಯ್ತು, ರೇಂಜರ್ ಮಟ್ಟದ ಕೆಲಸಕ್ಕೆ ಜನ ತಯಾರಾಗಲಿ ಅಂತ. ಅದೇ 1878ರಲ್ಲೇ ಭಾರತೀಯ ಅರಣ್ಯ ಕಾಯ್ದೆಯೂ ಬಂತು. ಸೊಪ್ಪು, ಸೌದೆ, ಮೇವು, ಎಲ್ಲಕ್ಕೂ ಸರ್ಕಾರದ ಅಪ್ಪಣೆ. ಶಾಲೆಯ ಬಾಗಿಲು ತೆರೆದ ವರ್ಷವೇ ಕಾಡಿನ ಬಾಗಿಲು ಮುಚ್ಚಿದ್ದು. ಈ ಎರಡು ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಅಪ್ಪನ ಪ್ರಶ್ನೆಯ ಹಿಂದಿನ ಸಿಟ್ಟು ಅರ್ಥವಾಯ್ತು ನನಗೆ.

ಈಗ ಕಾಲ ಬದಲಾಗಿದೆ ಬಿಡಿ. 1966ರಲ್ಲಿ ಶುರುವಾದ ಐಎಫ್ಎಸ್‌ಗೆ ಸಸ್ಯಶಾಸ್ತ್ರ, ಗಣಿತ, ಭೂವಿಜ್ಞಾನ ಓದಿದವರೂ ಕೂರಬಹುದು, ಎಂಜಿನಿಯರುಗಳೂ ಕೂರಬಹುದು. ಶಿರಸಿಯಲ್ಲೂ ಪೊನ್ನಂಪೇಟೆಯಲ್ಲೂ ನಮ್ಮ ಮಕ್ಕಳಿಗೇ ಕಾಲೇಜುಗಳಿವೆ. ಫಾರೆಸ್ಟ್ರಿ ಓದಿ ಬ್ಯಾಂಕಿನಲ್ಲಿ ಕೃಷಿ ಅಧಿಕಾರಿ ಆಗುವವರೂ ಇದ್ದಾರೆ. ಹುಡುಗನಿಗೆ ಇದನ್ನೂ ಮುಚ್ಚಿಡದೆ ಹೇಳಿದ್ದೇನೆ.

ಇಷ್ಟೆಲ್ಲ ಓದುವಾಗ ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರು ಕಣ್ಣ ಮುಂದೆ ಬರುತ್ತಲೇ ಇದ್ದರು. ಶಾಲೆ ಮೆಟ್ಟಿಲು ಹತ್ತದ ಹಾಲಕ್ಕಿ ಹೆಂಗಸು, ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ವರ್ಷಗಟ್ಟಲೆ ದುಡಿದವರು. ಯಾವ ತಾಯಿಮರದ ಬೀಜ ಆರಿಸಬೇಕು, ಯಾವಾಗ ಆರಿಸಬೇಕು ಅನ್ನುವುದು ಅವರಿಗೆ ಬಾಯಿಪಾಠ. 2021ರಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದರು, 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರಿಗೆ ಗೊತ್ತಿದ್ದದ್ದರಲ್ಲಿ ಎಷ್ಟನ್ನು ಯಾರು ಬರೆದಿಟ್ಟುಕೊಂಡರೋ!

ಭಾನುವಾರ ಮತ್ತೆ ಅಪ್ಪನಿಗೆ ಫೋನ್ ಮಾಡಿ ಈ ಕಥೆಯನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಬೀಜ ಯಾವ ಮರದ್ದು ಆರಿಸ್ಬೇಕು ಅಂತ ಅಲ್ಲಿ ಹೇಳಿಕೊಡ್ತಾರಾ?" ಅಂದರು. ಹೇಳಿಕೊಡ್ತಾರೆ ಅಪ್ಪಾ, ಅಂಥ ಮರಕ್ಕೆ 'ಪ್ಲಸ್ ಟ್ರೀ' ಅಂತ ಹೆಸರೇ ಇದೆ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದ್ರೆ ಹೋಗ್ಲಿ. ಅದಕ್ಕೆ ಮೊದಲು ನಾಲ್ಕು ದಿನ ನನ್ನ ಜೊತೆ ಬೆಟ್ಟಕ್ಕೆ ಬರೋಕೆ ಹೇಳು" ಅಂದರು.