ಮುಳುಗಿದ ಹಡಗುಗಳು ಬರೆದ ಪಠ್ಯ

ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಘಟ್ಟ ಇಳಿಯತೊಡಗಿದರೆ ಎರಡೂ ಬದಿಯ ಕಾಡು ರಸ್ತೆಯ ಮೇಲೇ ಬಾಗಿ ನಿಲ್ಲುತ್ತದೆ. ಇಳಿಜಾರಿನ ಕೊನೆಗೆ ಮಾಕುಟ್ಟದ ಚೆಕ್‌ಪೋಸ್ಟ್, ಅದರ ಮುಂದೆ ಕೂಟುಪುಳದ ಸೇತುವೆ, ಆಚೆಗೆ ಕೇರಳ. ಇಲ್ಲಿಂದ ಕಡಲು ಕಾಣುವುದಿಲ್ಲ. ಆದರೆ ಈ ಕಾಡಿನಲ್ಲಿ ಬಿದ್ದ ಮಳೆ ಬಾರಾಪೊಳೆಯನ್ನು ಕೂಡಿಕೊಂಡು, ವಳಪಟ್ಟಣಂ ಹೊಳೆಯಾಗಿ, ಕಣ್ಣೂರಿನ ಪಕ್ಕದ ಅಳೀಕಲ್‌ನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಅದೇ ಅಳೀಕಲ್‌ನಿಂದ 40 ನಾಟಿಕಲ್ ಮೈಲಿಗೂ ಆಚೆ, 2025ರ ಜೂನ್ 9ರಂದು ಸಿಂಗಪುರದ ಬಾವುಟ ಹೊತ್ತ ‘ವಾನ್ ಹೈ 503’ ಎಂಬ ಕಂಟೇನರ್ ಹಡಗು ಧಗಧಗನೆ ಉರಿಯಿತು. ಕೊಲಂಬೊದಿಂದ ಮುಂಬಯಿ ಕಡೆಗೆ ಹೊರಟಿದ್ದ ಅದರಲ್ಲಿ 22 ಮಂದಿ ಇದ್ದರು. ಪಾರಾದ 18 ಮಂದಿಯನ್ನು ನೌಕಾಪಡೆಯ ಐಎನ್‌ಎಸ್ ಸೂರತ್ ಅಂದೇ ರಾತ್ರಿ ಪಣಂಬೂರಿನ ನವಮಂಗಳೂರು ಬಂದರಿಗೆ ತಂದಿಳಿಸಿತು. ಉಳಿದ ನಾಲ್ವರು ಬರಲಿಲ್ಲ.

ಕಾರ್ಯಪ್ಪ, ತಿಮ್ಮಯ್ಯನವರ ನಾಡಾದ ಕೊಡಗಿನಲ್ಲಿ ಸಮವಸ್ತ್ರ ಎಂದರೆ ಮೊದಲು ನೆನಪಾಗುವುದು ಭೂಸೇನೆ. ಹಡಗಿನ ಮಾತು ಬರುವುದು ಅಪರೂಪ. ಹಾಗೆಂದು ಕೊಡಗಿಗೂ ಕಡಲಿಗೂ ನಂಟೇ ಇಲ್ಲ ಎನ್ನುವಂತಿಲ್ಲ. ಕೊಡಗಿನ ಕಾಫಿ ಈ ದಾರಿಯಲ್ಲೇ ತಲಶ್ಶೇರಿಗೆ ಇಳಿದು ಹಡಗು ಹತ್ತುತ್ತಿತ್ತು. ಅದಕ್ಕಿಂತ ದೊಡ್ಡ ನಂಟು ಮರದ್ದು. ಪಶ್ಚಿಮ ಘಟ್ಟದ ಮಳೆಕಾಡುಗಳಲ್ಲಿ ಹೊನ್ನೆಯ ಜಾತಿಗೆ ಸೇರಿದ, ಕೊಂಬೆಯಿಲ್ಲದೆ ನೆಟ್ಟಗೆ ನೂರಡಿ ಬೆಳೆಯುವ ಮರವೊಂದಿದೆ. ಬ್ರಿಟಿಷರು ಅದನ್ನು ‘ಪೂನ್‌ಸ್ಪಾರ್’ ಎಂದು ಕರೆದು, ಹಾಯಿಹಡಗಿನ ಕೂವೆಮರಕ್ಕೆಂದು ಹುಡುಕಿ ಹುಡುಕಿ ಕಡಿದರು. ಕಬ್ಬಿಣದ ಹಡಗು, ಉಗಿಯ ಎಂಜಿನ್ ಬಂದವು. ಕೂವೆಮರದ ಬೇಡಿಕೆ ತಗ್ಗಿತು. ಹಡಗಿನ ಕೆಲಸ ಕಲಿಯುವ ರೀತಿ ಬದಲಾದದ್ದೂ ಆಗಲೇ.

ಹಾಯಿಯ ಕಾಲದಲ್ಲಿ ಶಾಲೆಯೆಂಬುದೇ ಇರಲಿಲ್ಲ. ಮಂಗಳೂರಿನ ಹಳೆ ಬಂದರಿನಿಂದ ಹೆಂಚು ಹೊತ್ತು ಹೊರಡುತ್ತಿದ್ದ ಮಂಜಿಗಳಲ್ಲಿ ಹುಡುಗ ಮೊದಲು ಒಲೆ ಊದಬೇಕು, ಪಾತ್ರೆ ತೊಳೆಯಬೇಕು, ಆಮೇಲೆ ಹಗ್ಗ, ಆಮೇಲೆ ಹಾಯಿ, ಎಷ್ಟೋ ವರ್ಷದ ಮೇಲೆ ಚುಕ್ಕಾಣಿ. ಮಂಜಿ ನಡೆಸುವ ತಂಡೇಲ ಗಾಳಿಯ ವಾಸನೆ ಹಿಡಿದು ಹೇಳಿದ್ದೇ ಪಾಠ. ಬ್ರಿಟಿಷ್ ಕಂಪನಿಗಳ ಉಗಿಹಡಗುಗಳಲ್ಲಿ ನಮ್ಮವರು ಖಲಾಸಿ, ಟಿಂಡಲ್, ಭಂಡಾರಿ ಆಗಿ ಸೇರಿ ಹೆಚ್ಚೆಂದರೆ ಸಾರಂಗನಾಗುವವರೆಗೆ ಏರಬಹುದಿತ್ತು. ಹಡಗು ನಡೆಸುವ ಬ್ರಿಜ್ ಬಿಳಿಯರದು. 1919ರ ಏಪ್ರಿಲ್ 5ರಂದು ಸಿಂಧಿಯಾ ಕಂಪನಿಯ ‘ಲಾಯಲ್ಟಿ’ ಮುಂಬಯಿಯಿಂದ ಲಂಡನ್ನಿಗೆ ಹೊರಟಾಗ ಹಡಗೇನೋ ಭಾರತೀಯರದಾಯಿತು, ಅದನ್ನು ನಡೆಸಲು ಭಾರತೀಯ ಅಧಿಕಾರಿಗಳಿರಲಿಲ್ಲ. ಇಂದು ಏಪ್ರಿಲ್ 5 ರಾಷ್ಟ್ರೀಯ ಕಡಲ ದಿನ. ಆ ದಿನದ ಭಾಷಣಗಳಲ್ಲಿ ಈ ಎರಡನೆಯ ಸಂಗತಿ ಅಷ್ಟಾಗಿ ಕೇಳಿಬರುವುದಿಲ್ಲ.

ಆ ಕೊರತೆ ನೀಗಿಸಲೆಂದೇ 1927ರಲ್ಲಿ ಮುಂಬಯಿಯ ಮಝಗಾಂವ್ ಡಾಕ್ ಬಳಿ ‘ಡಫರಿನ್’ ತರಬೇತಿ ಹಡಗು ನಿಂತಿತು. ಅದು ಸೈನಿಕರನ್ನು ಸಾಗಿಸುತ್ತಿದ್ದ ಹಳೆಯ ಹಡಗು. ಅದರ ಮೊದಲ ತಂಡದಲ್ಲಿ ಕಲಿತ ರಾಮ್‌ದಾಸ್ ಕಟಾರಿ 1958ರಲ್ಲಿ ಭಾರತೀಯ ನೌಕಾಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದರು. ಮುಂದೆ 1972ರಲ್ಲಿ ‘ರಾಜೇಂದ್ರ’ ಹಡಗು ಡಫರಿನ್‌ನ ಜಾಗಕ್ಕೆ ಬಂತು. 1993ರಲ್ಲಿ ‘ಚಾಣಕ್ಯ’ ಬಂದಾಗ ಹೆಸರಿನಲ್ಲಿ ಮಾತ್ರ ಹಡಗು ಉಳಿದಿತ್ತು. ಅದು ನವಿ ಮುಂಬಯಿಯ ನೆಲದ ಮೇಲಿನ ಕಟ್ಟಡ. ಎಂಜಿನ್ ಕಡೆಯವರಿಗೆ ಸ್ವಾತಂತ್ರ್ಯ ಬಂದ ಹೊಸತರಲ್ಲೇ ಕಲ್ಕತ್ತ ಮತ್ತು ಮುಂಬಯಿಗಳಲ್ಲಿ ಬೇರೆ ಶಿಕ್ಷಣ ಕೇಂದ್ರ ತೆರೆಯಿತು. 1990ರ ದಶಕದಲ್ಲಿ ಖಾಸಗಿ ಸಂಸ್ಥೆಗಳು ಬಂದವು. 2008ರಲ್ಲಿ ಚೆನ್ನೈ ಕೇಂದ್ರವಾಗಿ ಭಾರತೀಯ ಸಾಗರ ವಿಶ್ವವಿದ್ಯಾಲಯ ಹುಟ್ಟಿತು. ಎಂಬತ್ತು ವರ್ಷಗಳಲ್ಲಿ ಶಾಲೆ ಹಡಗಿನಿಂದ ದಡಕ್ಕೆ ಇಳಿಯಿತು. ಇದರಿಂದ ಗಣಿತ, ಭೌತಶಾಸ್ತ್ರ, ಸಿಮ್ಯುಲೇಟರು ಗಟ್ಟಿಯಾದವು. ಆದರೆ ತೂಗುವ ನೆಲದ ಮೇಲೆ ನಿದ್ದೆ ಮಾಡುವುದನ್ನು ಯಾವ ಕಟ್ಟಡವೂ ಕಲಿಸಲಾರದು.

ಸುರಕ್ಷತೆಯ ಪಾಠದ ಚರಿತ್ರೆ ಬೇರೆ. ಅದನ್ನು ಶಿಕ್ಷಣತಜ್ಞರು ಕೂತು ರೂಪಿಸಲಿಲ್ಲ, ಮುಳುಗಿದ ಹಡಗುಗಳು ಬರೆಸಿದವು. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಅದರಲ್ಲಿದ್ದ ಸುಮಾರು 2,200 ಜನರಿಗೆ ಲೈಫ್‌ಬೋಟುಗಳಲ್ಲಿದ್ದ ಜಾಗ 1,178. ಎರಡು ವರ್ಷದೊಳಗೆ, 1914ರ ಜನವರಿಯಲ್ಲಿ, ಕಡಲಿನಲ್ಲಿ ಜೀವರಕ್ಷಣೆಯ ಒಪ್ಪಂದವಾದ ‘ಸೋಲಾಸ್’ಗೆ ಸಹಿ ಬಿತ್ತು. 1967ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಲ್ಲಿ ‘ಟಾರಿ ಕ್ಯಾನ್ಯನ್’ ಬಂಡೆಗೆ ಬಡಿದು ಲಕ್ಷ ಟನ್ನಿಗೂ ಮೀರಿದ ಕಚ್ಚಾತೈಲ ಚೆಲ್ಲಿತು. ಮಾಲಿನ್ಯ ತಡೆಯುವ ‘ಮಾರ್ಪಾಲ್’ ಬಂದದ್ದು ಅದರ ಬೆನ್ನಿಗೆ. ನಾವಿಕರ ತರಬೇತಿ, ಪ್ರಮಾಣಪತ್ರ, ವಾಚ್ ಕೆಲಸಗಳಿಗೆ ಜಗತ್ತಿಗೆಲ್ಲ ಒಂದೇ ಅಳತೆಗೋಲು ಹಾಕಿದ 1978ರ ‘ಎಸ್‌ಟಿಸಿಡಬ್ಲ್ಯೂ’ ಒಪ್ಪಂದದ ಹಿಂದೆಯೂ ಅದೇ ಆತಂಕವಿತ್ತು. ಅಧಿಕಾರಿಯಾಗಲು ತರಬೇತಿ ಪಡೆಯುವ ಇಂದಿನ ಕೆಡೆಟ್ಟಿನ ಪಠ್ಯವೆಲ್ಲ ನಿಂತಿರುವುದು ಈ ಒಪ್ಪಂದದ ಮೇಲೆ. 1995ರಲ್ಲಿ ಒಮ್ಮೆ, 2010ರಲ್ಲಿ ಮನಿಲಾದಲ್ಲಿ ಇನ್ನೊಮ್ಮೆ ಅದನ್ನು ಪೂರ್ತಿ ತಿದ್ದಿದರು.

1987ರ ಮಾರ್ಚ್ 6ರ ಘಟನೆ ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಬೆಲ್ಜಿಯಂನ ಜೀಬ್ರುಗ ಬಂದರಿನಿಂದ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಮುಂಬಾಗಿಲು ಹಾಕದೆಯೇ ಹೊರಟು ಮಗುಚಿಬಿತ್ತು, ಸತ್ತವರು 193. ಬಾಗಿಲು ಹಾಕಬೇಕಾದವನು ಮಲಗಿದ್ದ. ಹಾಕಿದೆಯೇ ಎಂದು ಬ್ರಿಜ್‌ನಲ್ಲಿದ್ದವರಿಗೆ ತಿಳಿಯಲು ಒಂದು ದೀಪವೂ ಇರಲಿಲ್ಲ. ಅಂಥ ದೀಪ ಬೇಕೆಂದು ಕಂಪನಿಯ ಕ್ಯಾಪ್ಟನ್ನರೇ ಮೊದಲು ಕೇಳಿದ್ದರು, ದಡದ ಕಚೇರಿ ಕಿವಿಗೆ ಹಾಕಿಕೊಂಡಿರಲಿಲ್ಲ. ತಪ್ಪು ಹಡಗಿನಲ್ಲಿ ಮಾತ್ರವಲ್ಲ, ಕಚೇರಿಯ ಕುರ್ಚಿಯಲ್ಲೂ ಇದೆ ಎಂದು ವಿಚಾರಣೆ ಹೇಳಿತು. ಅದರ ಫಲ 1998ರ ಜುಲೈಯಿಂದ ಕಡ್ಡಾಯವಾಗತೊಡಗಿದ ಅಂತಾರಾಷ್ಟ್ರೀಯ ಸುರಕ್ಷತಾ ನಿರ್ವಹಣೆಯ ‘ಐಎಸ್‌ಎಂ’ ಕೋಡ್. ಕೆಡೆಟ್ ಹುಡುಗ ‘ಈ ಕೆಲಸ ಸುರಕ್ಷಿತವಲ್ಲ, ನಿಲ್ಲಿಸಿ’ ಎನ್ನಬಹುದಾದ ಹಕ್ಕು, ಕನಿಷ್ಠ ಕಾಗದದ ಮೇಲಾದರೂ, ಅಲ್ಲಿಂದ ಬಂತು.

ದೂರದ ಕತೆಗಳು ಸಾಕು. ನಮ್ಮ ಕರಾವಳಿಯೂ ಈ ಪಠ್ಯಕ್ಕೆ ತನ್ನ ಪಾಲು ಬರೆದಿದೆ. 2007ರ ಜೂನಿನಲ್ಲಿ ಎರಿಟ್ರಿಯಾದ ‘ಡೆನ್ ಡೆನ್’ ಹಡಗು ಮಳೆಗಾಲದ ಅಬ್ಬರಕ್ಕೆ ಸಿಕ್ಕಿ ತಣ್ಣೀರುಬಾವಿಯ ದಡದ ಬಳಿ ಹಾಳಾಯಿತು. ಕಡಲು ನೋಡಲು ಹೋದವರಿಗೆ ಅದರ ಅಸ್ಥಿಪಂಜರ ಎಷ್ಟೋ ಕಾಲ ಕಾಣುತ್ತಿತ್ತು. ಅದರ ಎರಡು ವರ್ಷದ ಮೇಲೆ, 2009ರ ಜುಲೈಯಲ್ಲಿ ನವಮಂಗಳೂರಿನಲ್ಲಿ ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ಚೀನಾಕ್ಕೆ ಹೊರಟ ‘ಏಷ್ಯನ್ ಫಾರೆಸ್ಟ್’ ಹಡಗು ಹೆಚ್ಚು ದೂರ ಹೋಗುವ ಮೊದಲೇ ವಾಲಿ ಮುಳುಗಿತು. ನಾವಿಕರನ್ನು ಕರಾವಳಿ ಕಾವಲುಪಡೆ ಉಳಿಸಿತು. ಅದೇ ಸೆಪ್ಟೆಂಬರಿನಲ್ಲಿ ಪಾರಾದೀಪಿನ ಹೊರಗೆ ‘ಬ್ಲ್ಯಾಕ್ ರೋಸ್’ ಮುಳುಗಿತು. ಅದರ ಹೊಟ್ಟೆಯಲ್ಲೂ ಅದಿರಿನ ಪುಡಿಯೇ.

ಅದಿರು ಕಲ್ಲು ತಾನೇ, ಅದು ಹಡಗನ್ನು ಹೇಗೆ ವಾಲಿಸುತ್ತದೆ? ಪುಡಿ ಮಳೆಯಲ್ಲಿ ನೆನೆದಿರುತ್ತದೆ, ಆದರೂ ಮೇಲೆ ನೋಡಿದರೆ ಒಣ ಗುಡ್ಡೆ. ಸರಕು ತುಂಬುವ ಹೋಲ್ಡಿಗೆ ಸುರಿದು ಹಡಗು ಹೊರಟಿತೆನ್ನಿ. ಎಂಜಿನ್ನಿನ ನಡುಕ, ಅಲೆಯ ಹೊಡೆತ ಎರಡೂ ಸೇರಿ ಕಣಗಳನ್ನು ಒತ್ತೊತ್ತಾಗಿ ಕೂರಿಸುತ್ತವೆ. ನಡುವೆ ಸಿಕ್ಕಿಕೊಂಡ ನೀರಿಗೆ ಹೋಗಲು ಜಾಗವಿಲ್ಲ. ಒಂದು ಗಳಿಗೆಯಲ್ಲಿ ಇಡೀ ರಾಶಿ ಗಂಜಿಯಂತಾಗಿ ಒಂದು ಪಕ್ಕಕ್ಕೆ ಹರಿದುಬಿಡುತ್ತದೆ. ಹಡಗು ವಾಲುತ್ತದೆ, ಮತ್ತೆ ಎದ್ದು ನಿಲ್ಲುವುದಿಲ್ಲ. ಆ ಸರಕಿಗೆ ಇಂತಿಷ್ಟೇ ತೇವ ಇರಬಹುದು ಎಂಬ ಮಿತಿಯನ್ನು ಪ್ರಯೋಗಾಲಯದಲ್ಲಿ ಅಳೆಯಬೇಕು, ಅದನ್ನು ಮೀರಿದ್ದರೆ ಸಾಮಾನ್ಯ ಹಡಗಿಗೆ ತುಂಬಬಾರದು. ಘನ ಸರಕಿನ ಸಾಗಾಟಕ್ಕೆ ಸಂಬಂಧಿಸಿದ ಅಂತಾರಾಷ್ಟ್ರೀಯ ಸಂಹಿತೆ 2011ರ ಜನವರಿ 1ರಿಂದ ಕಡ್ಡಾಯವಾಗಿ ಈ ಕಟ್ಟಳೆಗೆ ಬಲ ಬಂತು.

ಪ್ರಯೋಗಾಲಯವಿಲ್ಲದ ಬಂದರಿನಲ್ಲಿ ಕೆಡೆಟ್ ಮಾಡಬಹುದಾದ ಒಂದು ಪರೀಕ್ಷೆಯೂ ಅದೇ ಸಂಹಿತೆಯಲ್ಲಿದೆ. ಅರ್ಧ ಲೀಟರಿನಿಂದ ಒಂದು ಲೀಟರು ಹಿಡಿಸುವ ಡಬ್ಬಿಗೆ ಅರ್ಧದಷ್ಟು ಪುಡಿ ಹಾಕಿ. ಗಟ್ಟಿ ನೆಲದ ಮೇಲೆ ಒಂದು ಗೇಣು ಎತ್ತರದಿಂದ, ಒಂದೆರಡು ಸೆಕೆಂಡಿಗೊಮ್ಮೆ, 25 ಸಲ ಕುಟ್ಟಿ. ಮೇಲೆ ನೀರು ಒಸರಿದರೆ ಲೋಡಿಂಗ್ ನಿಲ್ಲಿಸಿ ಸರಿಯಾದ ಪರೀಕ್ಷೆ ಕೇಳಬೇಕು. ಒಸರದಿದ್ದರೆ ಸರಕು ಸುರಕ್ಷಿತ ಎಂದು ಅರ್ಥವಲ್ಲ. ಇದು ಎಚ್ಚರಿಸುವ ಪರೀಕ್ಷೆಯೇ ಹೊರತು ಒಪ್ಪಿಗೆಯ ಮುದ್ರೆಯಲ್ಲ. ಘಟ್ಟದ ಮೇಲಿನವರಿಗೆ ಈ ವಿಜ್ಞಾನ ಹೊಸದೇನೂ ಅಲ್ಲ. 2018ರ ಮಳೆಯಲ್ಲಿ ಮಾಕುಟ್ಟದ ರಸ್ತೆಯ ಮೇಲೆ ಗುಡ್ಡ ಕುಸಿದು ಸಂಚಾರ ನಿಂತಾಗ, ಗಟ್ಟಿ ಎಂದುಕೊಂಡ ಮಣ್ಣು ನೀರು ಕುಡಿದು ಹರಿದದ್ದನ್ನು ಇಲ್ಲಿಯವರು ಕಣ್ಣಾರೆ ಕಂಡಿದ್ದಾರೆ.

ಕಂಟೇನರ್ ಹಡಗಿನ ಅಪಾಯ ಇನ್ನೊಂದು ತರಹದ್ದು. ಅಲ್ಲಿ ಸರಕು ಕಣ್ಣಿಗೇ ಬೀಳುವುದಿಲ್ಲ. ಅಪಾಯಕಾರಿ ವಸ್ತುಗಳನ್ನು ಒಂಬತ್ತು ವರ್ಗ ಮಾಡಿ, ಯಾವುದರ ಪಕ್ಕ ಯಾವುದನ್ನು ಇಡಬಾರದು ಎಂದು ಬೇರೊಂದು ಸಂಹಿತೆ ಹೇಳುತ್ತದೆ. ಕೆಡೆಟ್ ಅದನ್ನು ಬಾಯಿಪಾಠ ಮಾಡುತ್ತಾನೆ. ಆದರೆ ಪೆಟ್ಟಿಗೆಯೊಳಗೆ ಏನಿದೆ ಎಂಬುದಕ್ಕೆ ಅವನಿಗಿರುವ ಆಧಾರ ಕಳಿಸಿದವನು ಬರೆದ ಕಾಗದವೊಂದೇ. ವಾನ್ ಹೈ ಉರಿಯುವುದಕ್ಕೆ ಎರಡು ವಾರ ಮೊದಲು, ಮೇ 25ರಂದು, ಕೊಚ್ಚಿಯ ಹೊರಗೆ ‘ಎಂಎಸ್‌ಸಿ ಎಲ್ಸಾ 3’ ಸುಮಾರು 640 ಕಂಟೇನರ್‌ಗಳೊಂದಿಗೆ ಮುಳುಗಿತು. ಅವುಗಳಲ್ಲಿ 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ನೀರು ತಾಗಿದರೆ ಹೊತ್ತಿಕೊಳ್ಳುವ ಅನಿಲ ಬಿಡುವ ವಸ್ತು ಅದು. ಹಡಗಿನಲ್ಲಿದ್ದ 24 ಮಂದಿಯೂ ಉಳಿದರು. ಹದಿನೈದು ದಿನಗಳಲ್ಲಿ ಎರಡು ಹಡಗುಗಳು ನಮ್ಮ ನೆರೆಯ ಕಡಲಿನಲ್ಲೇ ಹಾಳಾದವು.

ಈಗ ಕೆಡೆಟ್ಟಿನ ದಿನಚರಿಗೆ ಬರೋಣ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ, ಸಾಗರ ವಿಶ್ವವಿದ್ಯಾಲಯದ ಪ್ರವೇಶಪರೀಕ್ಷೆ ಬರೆದು, ಒಂದು ವರ್ಷದ ನಾಟಿಕಲ್ ಡಿಪ್ಲೊಮಾ ಮುಗಿಸಿದವನು 18 ತಿಂಗಳು ಹಡಗಿನಲ್ಲಿ ಕಳೆಯಬೇಕು. ಮೂರು ವರ್ಷದ ಬಿಎಸ್‌ಸಿ ಮಾಡಿದವನಿಗೆ 12 ತಿಂಗಳು. ಎಂಜಿನ್ ಕಡೆಗೆ ಹೋಗುವವನದು ನಾಲ್ಕು ವರ್ಷದ ಬಿಟೆಕ್. ಹಡಗು ಹತ್ತಿದ ಮೊದಲ ತಿಂಗಳು ಅವನ ಕೈಗೆ ಸಿಗುವುದು ಸೆಕ್ಸ್‌ಟಂಟ್ ಅಲ್ಲ, ತುಕ್ಕು ಕುಟ್ಟುವ ಸುತ್ತಿಗೆ ಮತ್ತು ಬಣ್ಣದ ಬ್ರಷ್ಷು. ಡಿಗ್ರಿ ಓದಿದವನಿಗೆ ಇದೇನು ಕೂಲಿ ಎಂದು ತಂದೆತಾಯಿ ಫೋನಿನಲ್ಲಿ ನೊಂದುಕೊಳ್ಳುವುದುಂಟು. ಆದರೆ ತುಕ್ಕು ಎಲ್ಲಿ ಹಿಡಿಯುತ್ತದೆ, ಹ್ಯಾಚ್‌ನ ರಬ್ಬರು ಎಲ್ಲಿ ಸೀಳುತ್ತದೆ, ಯಾವ ವಾಲ್ವು ಬಿಗಿ ಎಂದು ಬೋಸನ್ನನ ಹಿಂದೆ ತಿರುಗಿ ಕಲಿಯದವನು ಮುಂದೆ ಚೀಫ್ ಆಫೀಸರ್ ಆಗಿ ಹಡಗನ್ನು ಕಾಗದದ ಮೇಲೆ ಮಾತ್ರ ಬಲ್ಲವನಾಗುತ್ತಾನೆ. ಮಂಜಿಯ ತಂಡೇಲನ ಕ್ರಮ ಇಷ್ಟರಮಟ್ಟಿಗೆ ಇನ್ನೂ ಉಳಿದಿದೆ.

ತಿಂಗಳಿಗೊಮ್ಮೆ ಬೆಂಕಿಯ ಡ್ರಿಲ್, ಹಡಗು ಬಿಡುವ ಡ್ರಿಲ್. 2015ರಿಂದ ಎರಡು ತಿಂಗಳಿಗೊಮ್ಮೆ ಮುಚ್ಚಿದ ಜಾಗಕ್ಕೆ ಇಳಿಯುವ ಡ್ರಿಲ್ ಕೂಡ. ನನ್ನ ಮಟ್ಟಿಗೆ ಎಳೆಯರಿಗೆ ಮೊದಲು ಕಲಿಸಬೇಕಾದದ್ದು ಈ ಕೊನೆಯದೇ. ತುಕ್ಕು ಹಿಡಿಯುತ್ತಿರುವ ಖಾಲಿ ಟ್ಯಾಂಕು ತನ್ನೊಳಗಿನ ಆಮ್ಲಜನಕವನ್ನು ತಾನೇ ತಿಂದುಬಿಡುತ್ತದೆ. ಮರದ ದಿಮ್ಮಿ, ಕಲ್ಲಿದ್ದಲು ತುಂಬಿದ ಹೋಲ್ಡೂ ಹಾಗೆಯೇ. ಗಾಳಿಯಲ್ಲಿ ನೂರಕ್ಕೆ 21ರಷ್ಟಿರಬೇಕಾದ ಆಮ್ಲಜನಕ ತೀರಾ ಇಳಿದ ಕಡೆ ಇಳಿದವನು ಕೂಗಿಕೊಳ್ಳುವ ಮೊದಲೇ ಬೀಳುತ್ತಾನೆ. ಅವನನ್ನು ಎತ್ತಲು ಧಾವಿಸಿದ ಗೆಳೆಯನೂ ಅಲ್ಲೇ ಬೀಳುತ್ತಾನೆ. ಊರಿನ ಹಾಳುಬಾವಿಗೆ ಇಳಿದು ಒಬ್ಬರ ಹಿಂದೊಬ್ಬರು ಸತ್ತ ಸುದ್ದಿಗಳನ್ನು ಓದಿದವರಿಗೆ ಇದು ತಿಳಿದದ್ದೇ. ಅಳೆಯದೆ ಇಳಿಯಬೇಡ, ಒಬ್ಬನೇ ಇಳಿಯಬೇಡ, ಬಿದ್ದವನನ್ನು ನೋಡಿ ಓಡಿ ಇಳಿಯಬೇಡ. ಮೂರನೆಯದನ್ನು ಪಾಲಿಸುವುದೇ ಕಷ್ಟ.

ಕಟ್ಟಳೆ ಬೆಳೆದಂತೆ ಕಾಗದವೂ ಬೆಳೆಯಿತು. 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಇರಬೇಕೆಂದು ನಿಯಮ. ಹಡಗುಗಳಲ್ಲಿ ಈ ಲೆಕ್ಕವನ್ನು ನಿಯಮಕ್ಕೆ ಹೊಂದುವಂತೆ ತಿದ್ದಿ ಬರೆಯುವುದು ರೂಢಿಯಾಗಿದೆ ಎಂದು ಸ್ವೀಡನ್ನಿನ ಮಾಲ್ಮೊದಲ್ಲಿರುವ ವಿಶ್ವ ಸಾಗರ ವಿಶ್ವವಿದ್ಯಾಲಯದ ಅಧ್ಯಯನ 2020ರಲ್ಲಿ ಹೇಳಿತು. ಹೊಸ ಕೆಡೆಟ್ ಹಡಗಿನಲ್ಲಿ ಕಲಿಯುವ ಮೊದಲ ಸುಳ್ಳು ಇದೇ ಆಗಿಬಿಟ್ಟರೆ, ಡ್ರಿಲ್ಲಿನ ದಾಖಲೆಯೂ ಗ್ಯಾಸ್ ಅಳೆದ ದಾಖಲೆಯೂ ನಾಳೆ ಅದೇ ದಾರಿ ಹಿಡಿಯುತ್ತವೆ. ಒಂದು ಒಳ್ಳೆಯ ಬೆಳವಣಿಗೆಯನ್ನೂ ಹೇಳಬೇಕು: 2026ರ ಜನವರಿಯಿಂದ ಹಡಗಿನಲ್ಲಿ ಕಿರುಕುಳ, ಲೈಂಗಿಕ ದೌರ್ಜನ್ಯ ತಡೆಯುವುದೂ ಎಲ್ಲ ನಾವಿಕರ ಮೂಲ ಸುರಕ್ಷತಾ ತರಬೇತಿಯ ಭಾಗವಾಗಿದೆ. ಹೆಣ್ಣುಮಕ್ಕಳು ಕೆಡೆಟ್ಟುಗಳಾಗಿ ಬರುತ್ತಿರುವ ಕಾಲದಲ್ಲಿ ಇದು ತಡವಾಗಿ ಬಂದ ಪಾಠ.

ನಮ್ಮ ದೇಶದ ದೊಡ್ಡ ತೊಡಕು ಪಠ್ಯದ್ದಲ್ಲ, ಹಡಗಿನಲ್ಲಿ ಸಿಗಬೇಕಾದ ಬರ್ತಿನದು. ಜಗತ್ತಿನ ನಾವಿಕರಲ್ಲಿ ಸುಮಾರು ಹತ್ತಕ್ಕೊಬ್ಬ ಭಾರತೀಯ. ಆದರೂ ಸಂಸ್ಥೆಗಳು ಪಾಸು ಮಾಡಿಸುವಷ್ಟು ಹುಡುಗರಿಗೆ ಹಡಗಿನಲ್ಲಿ ಕಲಿಯುವ ಜಾಗ ಸಿಗುವುದಿಲ್ಲ. ಕಡಲಿನ ತಿಂಗಳುಗಳು ತುಂಬದೆ ಪರೀಕ್ಷೆಗೆ ಕೂರುವಂತಿಲ್ಲ. ಈ ಸಂದಿಯಲ್ಲಿ ನುಸುಳುವವನು ಏಜೆಂಟ್. ದುಡ್ಡು ಕೊಟ್ಟು ಗುಜರಿಯಂಥ ಹಡಗು ಹತ್ತಿ, ಸಂಬಳವಿಲ್ಲದೆ ಯಾವುದೋ ಲಂಗರಿನಲ್ಲಿ ಉಳಿದವರಿದ್ದಾರೆ. ಮಾಲೀಕರು ಕೈಬಿಟ್ಟ ನಾವಿಕರ ಪೈಕಿ ಭಾರತೀಯರೇ ಹೆಚ್ಚು ಎಂದು ಅಂತಾರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟದ 2024ರ ಲೆಕ್ಕ ಹೇಳುತ್ತದೆ.

ಆದ್ದರಿಂದ ಮಗನನ್ನೋ ಮಗಳನ್ನೋ ಹಡಗಿಗೆ ಕಳಿಸಬೇಕೆಂದಿರುವ ಮನೆಯವರಲ್ಲಿ ಒಂದು ವಿನಂತಿ. ಶುಲ್ಕ ಕಟ್ಟುವ ಮೊದಲು ಆ ಸಂಸ್ಥೆಗೆ, ಆ ಕೋರ್ಸಿಗೆ ಹಡಗು ಮಹಾನಿರ್ದೇಶನಾಲಯದ ಮಾನ್ಯತೆ ಇದೆಯೇ ಎಂದು ನೋಡಿ. ಓದು ಮುಗಿದ ಮೇಲೆ ಹಡಗು ಹತ್ತಿಸುವ ಕಂಪನಿ ಯಾವುದೆಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಹಡಗಿಗೆ ಸೇರಿಸುವ ಸಂಸ್ಥೆಗೆ ‘ಆರ್‌ಪಿಎಸ್‌ಎಲ್’ ಪರವಾನಗಿ ಇರಲೇಬೇಕು. ಅದರ ಸಂಖ್ಯೆಯನ್ನು ನಿರ್ದೇಶನಾಲಯದ ಪಟ್ಟಿಯಲ್ಲಿ ನೀವೇ ತಾಳೆ ನೋಡಿ. ಕೆಲಸ ಕೊಡಿಸಲು ನಾವಿಕನಿಂದ ಹಣ ಪಡೆಯುವುದು ಕಾನೂನುಬಾಹಿರ. ಕೇಳಿದವನಿಗೆ ಕೊಡಬೇಡಿ, ದೂರು ಕೊಡಿ.